ಬಣ್ಣ ಕಾಣದ ಸರ್ ಅಳೆದ ಬಣ್ಣ

ನಮ್ಮ ಕೆಮಿಸ್ಟ್ರಿ ಸರ್ ಯಾವ ವಸ್ತುವನ್ನೂ ಅದರ ಕುತ್ತಿಗೆಯಲ್ಲೇ ಹಿಡಿಯುತ್ತಿದ್ದರು. ಗಾಜಿನ ನಳಿಕೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ, ಬಾಯಿಯ ಅಂಚಿಗೆ ಹತ್ತಿರ, ಇನ್ನೇನು ಜಾರಿಬಿಡುತ್ತದೆ ಎನ್ನಿಸುವಷ್ಟು ಮೇಲೆ ಹಿಡಿಯುವುದು ಅವರ ಅಭ್ಯಾಸ. ಕೆಳಭಾಗದಲ್ಲಿ ಬೆಳಕು ಹಾಯಬೇಕು. ಅಲ್ಲಿ ಬೆರಳಿನ ಜಿಡ್ಡು ತಾಗಿದರೆ ಬೆಳಕು ಮಂಕಾಗುತ್ತದೆ, ಅಳತೆ ಕೆಡುತ್ತದೆ. ವರ್ಷಗಟ್ಟಲೆ ಹೀಗೆ ಹಿಡಿದು ಆ ಕೈಗೆ ಬೇರೆ ಹಿಡಿತವೇ ಮರೆತುಹೋಗಿತ್ತು. ಚಹಾದ ಗ್ಲಾಸು, ಪೆನ್ನು, ಕೊಡೆ, ಸಂತೆಯ ಬದನೆಕಾಯಿ, ಎಲ್ಲವೂ ಮೂರೇ ಬೆರಳಲ್ಲಿ, ಮೇಲ್ತುದಿಯಲ್ಲಿ. ಹೊಸಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಒಬ್ಬಾಕೆ, "ಯಾಕ್ರಿ ಸರ, ನನ್ನ ಬದನಿಕಾಯಿ ಮುಟ್ಟಿದ್ರ ಮೈಲಿಗಿ ಆಗತೈತೇನ್ರಿ?" ಎಂದು ರೇಗಿಸಿದ್ದನ್ನು ನಾನೇ ಕೇಳಿದ್ದೇನೆ. ಸರ್ ನಗಲಿಲ್ಲ. ಬದನೆಕಾಯಿಯನ್ನು ಬೆಳಕಿಗೆ ಹಿಡಿದು, "ಇದು ಮಾಗಿದ್ದೋ ಎಳೇದೋ ನೀನ ಹೇಳವ್ವಾ, ನನಗ ತಿಳಿಯೂದಿಲ್ಲ" ಎಂದರು.

ಅದು ತಮಾಷೆಯಲ್ಲ, ನಿಜ. ಅವರಿಗೆ ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ.

ಅವರು ಸಂಡೂರು ತಾಲ್ಲೂಕಿನ ಬಂಡ್ರಿಯವರು. ತಂದೆ ಮ್ಯಾಂಗನೀಸ್ ಗಣಿಯಲ್ಲಿ ಅದಿರು ಹೇರುವ ಕೂಲಿ. ಬಣ್ಣದ ವಿಷಯ ಸರ್‌ಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಪ್ರಯೋಗದ ಪರೀಕ್ಷೆಯಲ್ಲಿ ದ್ರಾವಣ ಹಳದಿಯಿಂದ ಕೆಂಪಿಗೆ ತಿರುಗಿದ ಕ್ಷಣವನ್ನು ಗುರುತಿಸಬೇಕಿತ್ತು. ಅವರು ಸುಮ್ಮನೆ ಹನಿ ಬಿಡುತ್ತಲೇ ಹೋದರಂತೆ. ಪಕ್ಕದವರೆಲ್ಲ ಮುಗಿಸಿ ಎದ್ದರೂ ಇವರ ಹನಿ ನಿಲ್ಲಲಿಲ್ಲ. ಫೇಲಾದರು. ಬೇರೆಯವರಾಗಿದ್ದರೆ ವಿಷಯ ಬದಲಿಸುತ್ತಿದ್ದರು. ಇವರು, ಕಣ್ಣಿಲ್ಲದೆ ಬಣ್ಣವನ್ನು ಹಿಡಿಯುವುದು ಹೇಗೆ ಎಂಬುದನ್ನೇ ಸಂಶೋಧನೆ ಮಾಡಿಕೊಂಡರು. ನೀರಿನಲ್ಲಿ ಕರಗಿ ಮರೆಯಾದ ವಸ್ತುವಿಗೆ ತಕ್ಕ ರಾಸಾಯನಿಕ ಬೆರೆಸಿ ಬಣ್ಣ ಬರಿಸುವುದು. ಆ ಬಣ್ಣದ ಮೂಲಕ ಬೆಳಕು ಹಾಯಿಸುವುದು. ಎಷ್ಟು ಬೆಳಕು ದಾಟಿತು, ಎಷ್ಟನ್ನು ಬಣ್ಣ ನುಂಗಿತು ಎಂದು ಅಳೆದು, ವಸ್ತು ಎಷ್ಟಿದೆ ಎಂದು ಹೇಳುವುದು. ತಂದೆಯ ಉಗುರಿನ ಸಂದಿಯಲ್ಲಿದ್ದ ಮ್ಯಾಂಗನೀಸನ್ನೇ ಮೊದಲು ಹೀಗೆ ಅಳೆದದ್ದು ಎಂದು ಒಮ್ಮೆ ಹೇಳಿದ್ದರು. ದೂರದ ಊರಿನಲ್ಲಿ ಡಾಕ್ಟರೇಟ್ ಮುಗಿಸಿ, ಅಲ್ಲಿಯೇ ಕೆಲಸ ಸಿಕ್ಕರೂ ಬಿಟ್ಟು, ಹೊಸಪೇಟೆಯ ನಮ್ಮ ಕಾಲೇಜಿಗೆ ಬಂದರು. ಯಾಕೆ ಬಂದರೆಂದು ಯಾರಿಗೂ ವಿವರಿಸಲಿಲ್ಲ.

ಕಾಲೇಜಿನಲ್ಲಿ ಒಳ್ಳೆಯ ಉಪಕರಣವಿರಲಿಲ್ಲ. ಬಾಗಿಲು ಮಾಡುವ ಬಡಗಿಯಿಂದ ತೇಗದ ಪೆಟ್ಟಿಗೆ ಮಾಡಿಸಿದರು. ಅದರೊಳಗೆ ಟಾರ್ಚಿನ ಬಲ್ಬು, ಬಣ್ಣದ ಗಾಜಿನ ಬಿಲ್ಲೆಗಳು. ಹಂಪಿಯಲ್ಲಿ ಪ್ರವಾಸಿಗರ ಫೋಟೋ ತೆಗೆಯುತ್ತಿದ್ದವನೊಬ್ಬ, ಬಿದ್ದು ಹೊದಿಕೆ ಒಡೆದ, ಬೆಳಕು ಅಳೆಯುವ ಮೀಟರೊಂದನ್ನು ಕೊಟ್ಟಿದ್ದ. ಅದರ ಮುಳ್ಳು ಪೆಟ್ಟಿಗೆಯ ಮೇಲೆ ಕುಳಿತಿತು. ಗಾಜಿನ ಬಿಲ್ಲೆಗಳ ಬಣ್ಣ ತಮಗೆ ತಿಳಿಯದೆಂದು ಅವಕ್ಕೆ ಗುರುತಿನ ಚೀಟಿ ಅಂಟಿಸಿದ್ದರು. ನಾವು ಹುಡುಗ ಹುಡುಗಿಯರು ಮೊದಲ ವಾರ ಇದನ್ನು ಕಂಡು ಮುಸಿಮುಸಿ ನಕ್ಕಾಗ, "ನಗ್ರಿ. ಆದ್ರ ನಿಮ್ಮೊಳಗ ಯಾರರ ಇಬ್ಬರ ಕಣ್ಣು ಒಂದ ಕೆಂಪನ್ನ ಒಂದ ಥರ ನೋಡತಾವ ಅಂತ ಯಾರು ಹೇಳ್ಯಾರ? ಈ ಮುಳ್ಳು ಎಲ್ಲಾರಿಗೂ ಒಂದ ಜಾಗ ತೋರಸ್ತೈತಿ" ಎಂದರು.

ಅವರ ಬಾಯಲ್ಲಿ ಸದಾ ಇದ್ದ ಮಾತು 'ಬ್ಲ್ಯಾಂಕ್'. ಹುಡುಕುವ ವಸ್ತುವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುವ ನಳಿಕೆಗೆ ಆ ಹೆಸರು. ಮೊದಲು ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಳ್ಳು ನೋಡಬೇಕು, ಆಮೇಲೆ ನಿಜವಾದದ್ದು. "ಏನೂ ಇಲ್ಲದ್ದು ಎಷ್ಟು ತೋರಸ್ತೈತಿ ನೋಡ್ರಿ ಮೊದಲು. ಆಮ್ಯಾಲ ಏನೈತಿ ಅಂತ ಬಾಯಿ ಬಿಡ್ರಿ." ಯಾರಾದರೂ ಒಬ್ಬ ಹುಡುಗನನ್ನು ಕಳ್ಳನೆಂದರೆ, "ಬ್ಲ್ಯಾಂಕ್ ತಗೊಂಡೀಯೇನು?" ಎನ್ನುತ್ತಿದ್ದರು. ಆಗ ಅದು ನಮಗೆ ಅವರ ವಿಚಿತ್ರಗಳಲ್ಲಿ ಒಂದಾಗಿತ್ತು, ಅಷ್ಟೆ.

ಬಿ.ಎಸ್ಸಿ. ಮುಗಿದ ಮೇಲೆ ನನ್ನನ್ನು ಕಂಪ್ಲಿ ಹತ್ತಿರದ ಮೆಟ್ರಿಗೆ ಮದುವೆ ಮಾಡಿಕೊಟ್ಟರು. ಕಾಲುವೆ ನೀರಿನ ಮನೆತನ. ವರ್ಷಕ್ಕೆ ಎರಡು ಬೆಳೆ ಭತ್ತ, ಹೊಸ ಹೆಂಚು, ರೇಡಿಯೋ. ಮಾವ ಸಿಟ್ಟಿನ ಮನುಷ್ಯ, ಆದರೆ ಕೆಟ್ಟವರಲ್ಲ. ಕಂಪ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ನನಗೆ ಸಿಗುವಂತಿತ್ತು. ಮಾವ ಬೇಡವೆಂದರು. ನಾನು ಎದುರು ಮಾತಾಡಿದೆ. ಅದು ಓಣಿಗೆಲ್ಲ ಕೇಳಿಸಿತು.

ಇದಾದ ಸ್ವಲ್ಪ ದಿನಕ್ಕೆ, ಶ್ರಾವಣದ ಒಂದು ಸೋಮವಾರ ನಮ್ಮ ಗದ್ದೆಯಲ್ಲಿ ನಾಟಿ ಇತ್ತು. ನಾಟಿಯ ದಿನ ಆಳುಗಳಿಗೆ ಮನೆಯವರೇ ತಿನ್ನಲು ಒಯ್ಯಬೇಕು. ನಾನು ಮಂಡಕ್ಕಿ ಒಗ್ಗರಣೆ ಮಾಡಿದೆ. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ, ಹುಣಸೆರಸ ಹಾಕಿ, ಬೆಳ್ಳುಳ್ಳಿ ಜಾಸ್ತಿ ಜಜ್ಜಿ, ಮೇಲೆ ಪುಟಾಣಿ ಪುಡಿ ಉದುರಿಸಿದೆ. ಅಡುಗೆಮನೆಯ ಎಣ್ಣೆ ಮುಗಿದಿತ್ತು. ಅತ್ತೆ ಉಗ್ರಾಣದಿಂದ ಬೇರೆ ಡಬ್ಬಿ ತಂದುಕೊಟ್ಟರು, ಅದರಿಂದ ಎಣ್ಣೆ ಸುರಿದುಕೊಂಡೆ. ನನಗೆ ಸೋಮವಾರದ ಉಪವಾಸ. ನಾನು ಬಾಯಿಗೆ ಹಾಕಲಿಲ್ಲ. ಈ ಒಂದೊಂದನ್ನೂ ನಾನು ಪೊಲೀಸರ ಮುಂದೆ ಇದೇ ಅನುಕ್ರಮದಲ್ಲಿ ಹೇಳಿದ್ದೇನೆ. ಈಗಲೂ ಬೇರೆ ಅನುಕ್ರಮದಲ್ಲಿ ಹೇಳಲು ಬರುವುದಿಲ್ಲ.

ಮಾವ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ತಿಂದರು. ಬದುವಿನ ಮೇಲೆ ಕುಳಿತವರು ಬೆವರತೊಡಗಿದರು, ಬಾಯಲ್ಲಿ ನೊರೆ ಬಂತು. ಕಂಪ್ಲಿಯ ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ತಿಂದ ಆಳುಗಳು ಆಸ್ಪತ್ರೆಯಲ್ಲಿ ಮಲಗಿ ಉಳಿದುಕೊಂಡರು. ಭತ್ತಕ್ಕೆ ಹೊಡೆಯುವ ಕೀಟನಾಶಕ ಹೊಟ್ಟೆಗೆ ಹೋಗಿದೆ ಎಂದರು ಡಾಕ್ಟರು.

ಅತ್ತೆ ಆಸ್ಪತ್ರೆಯ ಬಾಗಿಲಲ್ಲೇ ನನ್ನ ಕಡೆ ಕೈ ಮಾಡಿದರು. "ಓದಿದಾಕಿ ಅದಾಳ ಈಕಿ! ಯಾವುದರಾಗ ಏನ್ ಬೆರಸಬೇಕಂತ ಕಲತ ಬಂದಾಳ! ಉಪಾಸ ಅಂದ್ಲು, ತಾನು ಒಂದ ಕಾಳು ಮುಟ್ಟಲಿಲ್ಲ!" ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು.

ಇನ್‌ಸ್ಪೆಕ್ಟರು ನನ್ನನ್ನು ಕೂರಿಸಿ ಕೇಳಿದರು. ಉಳಿದ ಒಗ್ಗರಣೆಯನ್ನು ಸೀಲು ಮಾಡಿ ಸರ್ಕಾರಿ ಲ್ಯಾಬಿಗೆ ಕಳಿಸಿದರು. ರಿಪೋರ್ಟು ಬರುವವರೆಗೆ ಹೊಸಪೇಟೆಯ ತವರಿನಲ್ಲಿರಬೇಕು, ಊರು ಬಿಡಬಾರದು. ಮನೆಗೆ ಬಂದ ದಿನವೇ ಅಪ್ಪ ನನ್ನನ್ನು ಸರ್ ಹತ್ತಿರ ಕರೆದೊಯ್ದರು. ಕಾಲುವೆ ತುದಿಯ ನೀರಿನಲ್ಲಿ ಕೀಟನಾಶಕ ಎಷ್ಟಿದೆಯೆಂದು ಸರ್ ಆಗ ಅಳೆಯುತ್ತಿದ್ದರು. ಅದಕ್ಕೆ ಬಣ್ಣ ಬರಿಸುವ ವಿಧಾನ ಅವರಲ್ಲಿ ಸಿದ್ಧವಿತ್ತು.

ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದೆ, "ಸರ್, ನೀವಾದ್ರೂ ನನ್ನ ನಂಬ್ತೀರಲ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ನಾ ನಂಬಿದ್ರ ನಿನಗೇನೂ ಉಪಯೋಗಿಲ್ಲವ್ವಾ" ಎಂದರು. "ಊರು ನಂಬಬೇಕಂದ್ರ ತೋರಸಬೇಕು. ಮಾಡಿದ್ದು ಒಂದ ಮುಷ್ಟಿ ಉಳದೈತೇನು?"

ಆ ಮಾತು ನನಗೆ ಹೊಡೆದಂತಾಯಿತು. ತಲೆ ಮೇಲೆ ಕೈಯಿಟ್ಟು ಎರಡು ಮಾತಾಡಬಹುದಿತ್ತು, ಆಡಲಿಲ್ಲ. ಅವರನ್ನು ನಾನು ಮೆಚ್ಚಿದಷ್ಟು ಬೇರೆ ಯಾರನ್ನೂ ಮೆಚ್ಚಿಲ್ಲ, ಆದರೂ ಈ ಒಂದು ಬಿಗಿತನ ನನಗೆ ಈವತ್ತಿಗೂ ಚುಚ್ಚುತ್ತದೆ.

ಒಂದು ಮುಷ್ಟಿ ಉಳಿದಿತ್ತು. ಮಾವನಿಗೆ ಸಂಜೆಗೆಂದು ನಾನು ಮನೆಯಲ್ಲಿ ತೆಗೆದಿಟ್ಟಿದ್ದ ಸ್ಟೀಲಿನ ಡಬ್ಬಿಯನ್ನು ನನ್ನ ಗಂಡ ಇನ್‌ಸ್ಪೆಕ್ಟರಿಗೆ ತಿಳಿಸಿ ಹೊಸಪೇಟೆಗೆ ತಂದರು. ಅದನ್ನು ತರಲು ಅವರಿಗೆ ಯಾರೂ ಹೇಳಿರಲಿಲ್ಲ. ಲ್ಯಾಬಿನ ಮೇಜಿನ ಮೇಲಿಟ್ಟು, "ಏನ್ ಬರತೈತೋ ಬರಲಿ, ನೋಡ್ರಿ ಸರ್" ಎಂದಷ್ಟೇ ಹೇಳಿದರು.

ಸರ್ ಅದನ್ನು ಮುಟ್ಟುವ ಮೊದಲು ನನ್ನ ಕಡೆ ತಿರುಗಿದರು. "ಅರಿಸಿನದ ಹಳದಿ, ಬೆಳ್ಳುಳ್ಳಿ, ಹುಣಸಿ. ಇವೂ ಬೆಳಕು ನುಂಗತಾವ. ಇದರ ಬ್ಲ್ಯಾಂಕ್ ಬೇಕು. ನಿನ್ನ ಕೈಲೇ ಆಗಬೇಕು, ಹೊಸಪ್ಯಾಟಿ ಅಂಗಡಿ ಸಾಮಾನಿನಾಗ. ಹೆಂಗ ಮಾಡಿದ್ದಿ ಹಂಗ ಮಾಡು."

ಹೀಗೆ ಮಟಮಟ ಮಧ್ಯಾಹ್ನ, ಕೊಲೆಯ ಆರೋಪ ಹೊತ್ತ ನಾನು ಕಾಲೇಜಿನ ಲ್ಯಾಬಿನಲ್ಲಿ ಸೀಮೆಎಣ್ಣೆ ಸ್ಟೋವು ಹಚ್ಚಿ ಒಗ್ಗರಣೆ ಮಾಡಿದೆ. ಕಣ್ಣೀರು ಈರುಳ್ಳಿಯದೋ ನನ್ನದೋ ತಿಳಿಯಲಿಲ್ಲ. ಬೆಳ್ಳುಳ್ಳಿ ಘಮಕ್ಕೆ ಅಟೆಂಡರು ಒಳಗೆ ಇಣುಕಿ, "ಕಡೀಗೂ ಕ್ಯಾಂಟೀನ್ ಬಂತೇನ್ರಿ ಸರ್ ನಮ್ಮ ಕಾಲೇಜಿಗೆ? ಜೋಡಿಗೆ ಮಿರ್ಚಿ ಬಜ್ಜೀನೂ ಹಾಕಿಸ್ರಿ ಮತ್ತ" ಎಂದ. ವಿಷಯ ಗೊತ್ತಾದ ಮೇಲೆ ಪಾಪ, ಬಾಯಿ ಮುಚ್ಚಿಕೊಂಡು ನೀರು ತಂದಿಟ್ಟು ಹೋದ.

ಬ್ಲ್ಯಾಂಕಿನ ನಳಿಕೆಯಲ್ಲಿ ತೆಳು ಹಳದಿ ಬಿಟ್ಟರೆ ಏನೂ ಬರಲಿಲ್ಲ. ಮೆಟ್ರಿಯ ಒಗ್ಗರಣೆಯಿಂದ ತೆಗೆದ ರಸಕ್ಕೆ ಕೊನೆಯ ಹನಿ ಬಿದ್ದಾಗ ನಳಿಕೆ ತುಂಬ ದಟ್ಟ ಗುಲಾಬಿ ಹರಡಿತು. ಸರ್‌ಗೆ ಕಪ್ಪಾದದ್ದು ಮಾತ್ರ ಕಂಡಿರಬೇಕು. ಪೆಟ್ಟಿಗೆಯಲ್ಲಿಟ್ಟರು. ಮುಳ್ಳು ಒಂದೇ ಸಲ ಆ ಕಡೆಗೆ ಬಿತ್ತು.

ವಿಷವಿದ್ದದ್ದು ನಾನು ಮಾಡಿದ ಒಗ್ಗರಣೆಯಲ್ಲೇ. ಬೇರೆಲ್ಲಿಯಾದರೂ ಇರಬಹುದು ಎಂದು ನಾನು ಕಟ್ಟಿಕೊಂಡಿದ್ದ ಆಸೆ ಅಲ್ಲಿಗೆ ಮುಗಿಯಿತು.

ಅಪ್ಪ ಕೈ ಮುಗಿದರು. "ಸರ್, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನಾವು ಇಲ್ಲಿಗೆ ಬಂದೇ ಇಲ್ಲ ಅಂತ ತಿಳೀರಿ."

"ಹೇಳ್ತೀನ್ರಿ" ಎಂದರು ಸರ್. ದನಿ ಏರಿಸಲಿಲ್ಲ. "ಇದನ್ನ ಮುಚ್ಚಿದ್ರ, ಮುಂದ ನಾ ಹೇಳೂದನ್ನ ಯಾರು ನಂಬತಾರ್ರಿ? ಇನ್ನೂ ಅರ್ಧ ಕೆಲಸ ಅಷ್ಟ ಆಗೈತಿ."

ಅವತ್ತೇ ಬಸ್ಸು ಹತ್ತಿ ಹೋಗಿ ಇನ್‌ಸ್ಪೆಕ್ಟರಿಗೆ ಅದನ್ನು ಹೇಳಿಬಂದರು. ನನ್ನ ಗುರುವೇ ನನ್ನ ವಿರುದ್ಧ ಸಾಕ್ಷಿ ಹೇಳಿದ ಹಾಗಾಯಿತು. ಆ ವಾರ ನಾನು ಹೇಗೆ ಕಳೆದೆನೆಂದು ಬರೆಯಲು ಹೋಗುವುದಿಲ್ಲ. ಅಮ್ಮ ನನ್ನೊಬ್ಬಳನ್ನೇ ಬಾವಿಯ ಕಡೆ ಬಿಡುತ್ತಿರಲಿಲ್ಲ ಎಂದರೆ ಸಾಕು.

ಸರ್ ಮಾತ್ರ ನಿಂತಲ್ಲಿಂದಲೇ ಮುಂದುವರಿದರು. ಒಗ್ಗರಣೆಗೆ ಬಿದ್ದ ಒಂದೊಂದು ಸಾಮಾನನ್ನೂ ಮೆಟ್ರಿಯ ಮನೆಯಿಂದಲೇ ತರಿಸಿದರು. ತಂದವರು ನನ್ನ ಗಂಡ. ಮಂಡಕ್ಕಿ, ಏನಿಲ್ಲ. ಪುಟಾಣಿ, ಹುಣಸೆ, ಉಪ್ಪು, ಕುಡಿಯುವ ನೀರು, ಏನಿಲ್ಲ. ಎಣ್ಣೆಯ ನಳಿಕೆ ಗುಲಾಬಿಗೆ ತಿರುಗಿತು.

"ಈ ಎಣ್ಣಿ ಎದರಾಗ ಇತ್ತು?" ಎಂದು ಕೇಳಿದರು.

"ಡಬ್ಬಿಯಾಗ್ರಿ" ಎಂದರು ನನ್ನ ಗಂಡ. "ಭತ್ತಕ್ಕ ಹೊಡಿಯೋ ಔಷಧಿ ಬರತೈತಲ್ರಿ, ಆ ಡಬ್ಬಿ. ಬಿಗಿ ಮುಚ್ಚಳ ಇರತೈತಿ, ಇರುವಿ ಹೋಗಂಗಿಲ್ಲ. ಅವ್ವ ತೊಳದು ಬಿಸಲಿಗಿಟ್ಟು ತುಂಬಿದ್ಳು. ನಮ್ಮೂರಾಗ ಎಲ್ಲಾರ ಮನ್ಯಾಗೂ ಅದಾವ್ರಿ ಅಂಥವು."

ನಾನು ಮೂರು ವರ್ಷ ರಸಾಯನಶಾಸ್ತ್ರ ಓದಿದವಳು. ಆ ಡಬ್ಬಿಗಳನ್ನು ದಿನವೂ ನೋಡಿದ್ದೆ. ಭತ್ತದ ಹಣ ಬಂದ ಮೇಲೆ ಪಾತ್ರೆ ಪಡಗ ಏನೆಲ್ಲ ಬಂದರೂ ಗಟ್ಟಿ ತಗಡಿನ ಡಬ್ಬಿಯನ್ನು ಎಸೆಯುವ ಹೆಂಗಸು ನಮ್ಮ ಕಡೆ ಇರಲಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ಹೊಳೆಯುವಂತೆ ತಿಕ್ಕಿ, ಅರಿಸಿನ ಕುಂಕುಮ ಇಟ್ಟು ಉಗ್ರಾಣ ಸೇರಿಸುತ್ತಿದ್ದರು. ಆ ಔಷಧ ನೀರಿಗೆ ಬಿಡುವುದಿಲ್ಲ, ತಗಡಿನ ಮಡಿಕೆಯಲ್ಲಿ ಕೂತಿರುತ್ತದೆ. ಎಣ್ಣೆ ತುಂಬಿದರೆ ನಿಧಾನವಾಗಿ ಅದರೊಳಕ್ಕೆ ಬರುತ್ತದೆ. ಅದರ ವಾಸನೆಯೂ ಸ್ವಲ್ಪ ಬೆಳ್ಳುಳ್ಳಿಯ ಹಾಗೆ. ನಾನು ಅವತ್ತು ಜಜ್ಜಿದ ಬೆಳ್ಳುಳ್ಳಿಯಲ್ಲಿ ಅದು ಯಾರ ಮೂಗಿಗೂ ಬೇರೆಯಾಗಿ ತಿಳಿಯಲಿಲ್ಲ.

ಸರ್ ಇನ್‌ಸ್ಪೆಕ್ಟರಿಗೆ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ಮನೆಯ ಡಬ್ಬಿಯಲ್ಲಿ ವಿಷವಿದೆ ಎಂದರೆ, ಅದನ್ನು ಸೊಸೆಯೇ ಸುರಿದಳು ಎನ್ನಲು ಜಾಗ ಉಳಿಯುತ್ತದೆ ಎಂದರು. ತೇಗದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮೆಟ್ರಿಗೆ ಬಂದರು. ಇನ್‌ಸ್ಪೆಕ್ಟರೂ ಬಂದರು. ನನ್ನನ್ನೂ ಕರೆಸಿದರು. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಸಿ, ಅಂಥ ಡಬ್ಬಿಯಲ್ಲಿ ಎಣ್ಣೆ ಇಟ್ಟಿರುವವರೆಲ್ಲ ಒಂದೊಂದು ಬಟ್ಟಲು ತನ್ನಿ ಎಂದು ಹೇಳಿಕಳಿಸಿದರು. ಜೊತೆಗೆ ಹಿತ್ತಾಳೆಯಲ್ಲಿ, ಮಣ್ಣಿನ ಗಡಿಗೆಯಲ್ಲಿ ಇಟ್ಟವರದೂ ಬೇಕೆಂದರು.

ಊರು ನೆರೆಯಿತು. ಸರ್ ಕೆಲಸ ಶುರು ಮಾಡಿದರು. ನಳಿಕೆಗಳು ಸಾಲಾಗಿ ನಿಂತವು. ಕೊನೆಯ ಹನಿಗಳು ಬಿದ್ದ ಮೇಲೆ ಅವರು ತಲೆಯೆತ್ತಿ ಹೆಂಗಸರ ನಡುವೆ ಕುಳಿತಿದ್ದ ಅತ್ತೆಯನ್ನು ಕರೆದರು.

"ಅಮ್ಮಾರ, ಹಿಂಗ ಮುಂದ ಬರ್ರಿ. ನನಗ ಬಣ್ಣ ತಿಳಿಯೂದಿಲ್ಲ. ಹುಟ್ಟಿದಾಗಿಂದ ಹಂಗ. ಯಾವುದರಾಗ ಏನ್ ಬಣ್ಣ ಬಂದೈತಿ, ನೀವ ನೋಡಿ ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ. ಆಮ್ಯಾಲ ನಾ ಅಳೀತೀನಿ."

ಅತ್ತೆ ಅನುಮಾನದಿಂದಲೇ ಎದ್ದು ಬಂದರು. ಒಂದೊಂದರ ಮುಂದೆಯೂ ಬಗ್ಗಿ ನೋಡಿದರು. "ಇದು ಗಡಿಗಿಂದು, ನೀರಿನಂಗೈತಿ. ಇದೂ ಏನಿಲ್ಲ. ಇದು ಗುಲಾಬಿ. ಇದು ತೆಳ್ಳಗ ಗುಲಾಬಿ. ಇದೂ ಗುಲಾಬಿನ..." ತೆಳು ಗುಲಾಬಿ ಬಂದ ಮನೆಗಳವರು ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ದಿನದಿಂದ ಬರುತ್ತಿದ್ದ ತಲೆಸುತ್ತು, ಹೊಟ್ಟೆ ತೊಳಸುವುದು ಅವರಿಗೆ ನೆನಪಾಗಿರಬೇಕು. ಬಿಸಿಲು ಎಂದುಕೊಂಡಿದ್ದರು.

ಅತ್ತೆ ಕೊನೆಯ ನಳಿಕೆಯ ಮುಂದೆ ನಿಂತುಬಿಟ್ಟರು. ಅದು ಎಲ್ಲಕ್ಕಿಂತ ದಟ್ಟವಾಗಿತ್ತು.

"ಇದು ನಮ್ಮದೇನ್ರಿ?"

"ಹೌದ್ರಿ ಅಮ್ಮಾರ."

"ಡಬ್ಬಿ ನಾನ ತೊಳದಿದ್ದೆ ಯಪ್ಪಾ. ಹುಣಸಿಹಣ್ಣು ಹಚ್ಚಿ ತೊಳದಿದ್ದೆ. ಕನ್ನಡಿಯಂಗ ಮಾರಿ ಕಾಣೂಹಂಗ ತೊಳದಿದ್ದೆ." ಮೇಜಿನ ಕಾಲು ಹಿಡಿದು ಅಲ್ಲೇ ಕುಳಿತರು.

ಸರ್ ಕೂಡ ಅವರೆದುರು ನೆಲದ ಮೇಲೆ ಕುಳಿತರು. "ನೀವು ಭಾಳ ಚಂದ ತೊಳದೀರಿ. ಅದು ನೀರಿಗೆ ಹೋಗೂದ ಇಲ್ಲ. ನನ್ನ ಕೈಲೆ ತೊಳಸಿದ್ರೂ ಹೋಗತಿರಲಿಲ್ಲ. ಇಲ್ಲಿ ನೋಡ್ರಿ, ಎಷ್ಟು ಮನಿ ಗುಲಾಬಿ ಐತಿ. ನಿಮ್ಮ ತಪ್ಪಲ್ಲ, ನಿಮ್ಮ ಸೊಸೀ ತಪ್ಪಲ್ಲ. ನಿಮಗ ಹೇಳಬೇಕಾದವ್ರು ಹೇಳಲಿಲ್ಲ. ಅದರಾಗ ನಾನೂ ಒಬ್ಬ. ಕಾಲುವಿ ನೀರಿನಾಗ ಹುಡುಕ್ಕೋಂತ ಇದ್ದೆ, ಅಡಿಗಿ ಮನ್ಯಾಗ ನೋಡಲಿಲ್ಲ."

ನನಗೆ ತೋರದಿದ್ದ ಆ ಮೃದುತನವನ್ನು ಅವರು ಅತ್ತೆಗೆ ತೋರಿಸಿದರು. ಆಗ ನನಗೆ ಹೊಟ್ಟೆಕಿಚ್ಚಾಯಿತು. ಈಗ ಅರ್ಥವಾಗುತ್ತದೆ. ಅವತ್ತು ಆ ಪಡಸಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿದ್ದವರು ನಾನಲ್ಲ, ಅತ್ತೆ. ಅದು ಸರ್‌ಗೆ ಮೊದಲೇ ತಿಳಿದಿತ್ತು. ಬೇರೆ ಮನೆಗಳ ಎಣ್ಣೆ ತರಿಸಿದ್ದು ನನ್ನನ್ನು ಬಿಡಿಸಲು ಮಾತ್ರವಲ್ಲ, ಬಿಡಿಸಿದ ಹೊರೆಯನ್ನು ಆ ಮುದುಕಿಯ ತಲೆಗೆ ಕಟ್ಟದಿರಲು ಕೂಡ.

ಅವತ್ತೇ ಗಂಡಸರು ಡಬ್ಬಿಗಳನ್ನೆಲ್ಲ ಹಾರೆಯಿಂದ ಜಜ್ಜಿ ಊರ ಹೊರಗೆ ಹೂತರು. ಸರ್ಕಾರಿ ರಿಪೋರ್ಟು ಬಂದಾಗ ಅದೂ ಎಣ್ಣೆಯ ಕಡೆಗೇ ಬೆರಳು ಮಾಡಿತು. ಇನ್‌ಸ್ಪೆಕ್ಟರು ನನ್ನ ಮೇಲಿನ ಆರೋಪ ಕೈಬಿಟ್ಟರು. ಅತ್ತೆ ಹೊಸಪೇಟೆಗೆ ಬಂದು ನನ್ನನ್ನು ಕರೆದೊಯ್ದರು. ಕ್ಷಮಿಸು ಎಂದು ಅವರು ಹೇಳಲಿಲ್ಲ. ಆದರೆ ಕಂಪ್ಲಿಯ ಹೈಸ್ಕೂಲಿನ ಕೆಲಸಕ್ಕೆ ನನ್ನನ್ನು ಕಳಿಸಿದವರು ಅವರೇ.

ಆಮೇಲಿನ ವರ್ಷಗಳಲ್ಲಿ ಸರ್ ಆ ಪೆಟ್ಟಿಗೆ ಹೊತ್ತು ಗಾದಿಗನೂರು, ಕಂಪ್ಲಿ, ಸಂಡೂರಿನ ಕಡೆಯ ಹಳ್ಳಿ ಹಳ್ಳಿ ತಿರುಗಿದರು. ಅಡುಗೆಮನೆಯಲ್ಲಿ ಡಬ್ಬಿ ಕಂಡರೆ ಒಳಗೆ ನುಗ್ಗಿಬಿಡುತ್ತಾರೆಂದು ಜನ ನಗುತ್ತಿದ್ದರು. ದೊಡ್ಡ ಊರುಗಳ ಸಂಶೋಧಕರು ಅವರನ್ನು ಸಭೆಗಳಿಗೆ ಕರೆದರೆ ಅಪರೂಪಕ್ಕೆ ಹೋಗುತ್ತಿದ್ದರು. ನಿವೃತ್ತಿಯಾದ ಮೇಲೆ ಎದೆನೋವು ಶುರುವಾಯಿತು. ಒಂದು ಬೆಳಿಗ್ಗೆ ಚಹಾ ಕುಡಿದು ಗ್ಲಾಸು ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರು ಎಂದು ಅವರ ಮನೆಯವರು ಹೇಳಿದರು. ಬಂಡ್ರಿಯಲ್ಲಿ ಮಣ್ಣು ಮಾಡಿದರು. ಅತ್ತೆಗೆ ಆಗ ನಡೆಯಲು ಆಗುತ್ತಿರಲಿಲ್ಲ, ಆದರೂ ಬಂದರು. ಒಂದು ಹಿಡಿ ಮಣ್ಣು ಹಾಕಿ ಬಹಳ ಹೊತ್ತು ಕೈ ಒರೆಸಿಕೊಳ್ಳದೆ ನಿಂತಿದ್ದರು.

ಸರ್ ನನ್ನನ್ನು ಜೈಲಿನಿಂದ ಉಳಿಸಿದರು ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಾನು ನೆನೆಯುವ ಋಣ ಬೇರೆ.

ಕೇಸು ಮುಗಿದರೂ ಆಳುಗಳು ನನ್ನ ಕೈಯಡುಗೆ ಮುಟ್ಟುತ್ತಿರಲಿಲ್ಲ. ಅವರನ್ನು ಬಯ್ಯುವಂತಿಲ್ಲ. ಸಾವಿನ ಬಾಗಿಲು ನೋಡಿ ಬಂದವರು. ಮರುವರ್ಷದ ನಾಟಿಗೆ ಎಲ್ಲರೂ ಬುತ್ತಿ ಕಟ್ಟಿಕೊಂಡೇ ಬಂದರು. ನಾನು ಮಾಡಿದ ಒಗ್ಗರಣೆಯ ಬುಟ್ಟಿ ಬದುವಿನ ಮೇಲೆ ಬಟ್ಟೆ ಮುಚ್ಚಿಕೊಂಡು ಕುಳಿತಿತ್ತು. ಅಷ್ಟರಲ್ಲಿ ಸರ್ ಕೊಡೆ ಹಿಡಿದು ಕಾಲುವೆಯ ಏರಿ ಮೇಲೆ ನಡೆದುಬಂದರು. ನಾಟಿ ಇವತ್ತೆಂದು ನನ್ನ ಗಂಡನಿಂದ ತಿಳಿದುಕೊಂಡಿದ್ದರಂತೆ.

"ಹಸಿವಿ ಆಗೈತಿ. ಏನ್ ಮಾಡೀಯವ್ವಾ?"

"ಒಗ್ಗರಣಿ ಸರ್."

"ಹಾಕು."

ಬುಟ್ಟಿಯ ಬಟ್ಟೆ ಸರಿಸಿ ತಟ್ಟೆ ತುಂಬ ಹಾಕಿಕೊಟ್ಟೆ. ಅವರು ಬದುವಿನ ಮೇಲೆ ಕುಳಿತು, ಎಲ್ಲರೂ ನೋಡುತ್ತಿರುವಂತೆ, ಒಂದೊಂದೇ ತುತ್ತು ನಿಧಾನವಾಗಿ ಅಗಿದು ತಿಂದರು. ಸಸಿ ಹಿಡಿದ ಕೈಗಳು ನೀರಿನಲ್ಲೇ ನಿಂತಿದ್ದವು. ತಟ್ಟೆ ಖಾಲಿಯಾದ ಮೇಲೆ ಮುಂದೆ ಚಾಚಿದರು.

"ಇನ್ನೊಂದಿಷ್ಟು ಹಾಕು. ಉಪ್ಪು ಒಂಚೂರು ಕಡಿಮಿ ಆಗೈತಿ."

ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಮಲಗಿ ಎದ್ದುಬಂದ ನಾಟಿಯ ಹೆಂಗಸೊಬ್ಬಳು ಗದ್ದೆಯಿಂದಲೇ ಕೂಗಿದಳು, "ಉಪ್ಪನ್ನೂ ಪೆಟಗಿಯಾಗ ಇಟ್ಟು ನೋಡಿ ಬಂದ್ರೇನ್ರಿ ಸರ?"

"ಇಲ್ಲವ್ವಾ" ಎಂದರು ಸರ್, "ಇದಕ್ಕ ನಾಲಿಗಿ ಸಾಕು."

ಅವಳು ನಗುತ್ತ ಕೆಸರಿನಿಂದ ಕಾಲು ಕಿತ್ತುಕೊಂಡು ಬಂದಳು. ಕಾಲುವೆಯಲ್ಲಿ ಕೈ ತೊಳೆದು, ತನ್ನ ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟು, ನನ್ನ ಮುಂದೆ ತಟ್ಟೆ ಹಿಡಿದಳು.

"ನನಗೂ ಹಾಕು ತಾಯಿ. ಖರೇನ ಕಡಿಮಿ ಐತೋ, ಸರ್ ಸುಮ್ಮನ ಅಂತಾರೋ, ನೋಡ್ತೀನಿ."